ಕೆಟ್ಟ ಕನಸಿಗೊಂದು ಬಲೆ

ನಡುರಾತ್ರಿ ಮಗು ಕಿಟಾರನೆ ಕಿರುಚಿ ಎದ್ದು ಕುಳಿತರೆ ನೀವೇನು ಹೇಳುತ್ತೀರಿ? "ಏನೂ ಇಲ್ಲ ಕಂದಾ, ಬರೀ ಕನಸು, ಮಲಗು." ನಾವೆಲ್ಲ ಹಾಗೆ ಹೇಳುವವರೇ. ಆದರೆ ಮಗುವಿಗೆ ಅದು 'ಏನೂ ಇಲ್ಲ' ಅಲ್ಲ. ಹುಲಿ ಬಂದದ್ದನ್ನು, ಅಮ್ಮ ಕಾಣೆಯಾದದ್ದನ್ನು ಅದು ಕಣ್ಣಾರೆ ಕಂಡಿದೆ.

ಈಗ ಎಷ್ಟೋ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ತೂಗುತ್ತಿರುತ್ತದೆ: ಡ್ರೀಮ್‌ಕ್ಯಾಚರ್. ದುಂಡನೆಯ ಬಳೆ, ಒಳಗೆ ನೂಲಿನ ಬಲೆ, ಕೆಳಗೆ ಗರಿಗಳು. ಬೆಂಗಳೂರಿನ ಅಂಗಡಿಗಳಲ್ಲಿ, ಕಾರಿನ ಕನ್ನಡಿಯ ಕೆಳಗೆ ನೀವೂ ನೋಡಿರುತ್ತೀರಿ. (ಅದೇ ಕನ್ನಡಿಗೆ ನಾವು ಜಪಸರವನ್ನೂ ನೇತುಹಾಕುತ್ತೇವೆ, ಅದನ್ನು ಕೈಗೆತ್ತಿಕೊಳ್ಳುವುದು ಎಷ್ಟು ಸಲವೋ!) ಮೂಢನಂಬಿಕೆಯೆಂದು ಕಿತ್ತೆಸೆಯುವ ಮೊದಲು ಅದರ ಮೂಲ ತಿಳಿಯುವುದು ನ್ಯಾಯ.

ಅದು ಉತ್ತರ ಅಮೆರಿಕದ ಮಹಾ ಸರೋವರಗಳ ಸುತ್ತಲಿನ ಒಜಿಬ್ವೆ ಜನರದು. ಅವರ ಭಾಷೆಯಲ್ಲಿ ಅದರ ಹೆಸರಿಗೆ ಜೇಡವೆಂದೇ ಅರ್ಥ. ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ಸಂಶೋಧಕಿ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರವಿದೆ. ಸುಮಾರು ಮೂರೂವರೆ ಇಂಚಿನ ಮರದ ಬಳೆ. ಗಿಡದ ನಾರನ್ನು ಹೊಸೆದು, ಕೆಂಪು ಬಣ್ಣ ಕಟ್ಟಿ ಹೆಣೆದ ಬಲೆ. ಅದನ್ನು ಹಸುಗೂಸಿನ ತೊಟ್ಟಿಲ ಹಲಗೆಗೆ ಕಟ್ಟುತ್ತಿದ್ದರು. ಜೇಡರ ಬಲೆ ತನಗೆ ತಗಲಿದ್ದನ್ನು ಹಿಡಿಯುವಂತೆ ಇದು ಕೇಡನ್ನು ಹಿಡಿಯುತ್ತದೆಂಬ ನಂಬಿಕೆ. ನಮ್ಮ ಅಜ್ಜಿಯರು ಇಟ್ಟ ದೃಷ್ಟಿಬೊಟ್ಟನ್ನು ನೆನೆದರೆ ನಗಲು ಮನಸ್ಸಾಗದು. ಆ ಬಲೆಯ ಹಿಂದೆ ಕೂಸಿಗಾಗಿ ನಾರು ಹೊಸೆದ ಕೈಯೊಂದಿತ್ತು. ಅಂಗಡಿಯವನು ಅದನ್ನು ಮಾರಲಾರ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾವೇ ನಂಬದ್ದನ್ನು, ಮಗು ಬೇಗ ಮಲಗಲೆಂದು, ಅದಕ್ಕೆ ನಂಬಿಸಬಹುದೇ? ಪ್ರೀತಿಯಿಂದ ಹೇಳಿದ ಸಣ್ಣ ಸುಳ್ಳು ತಾನೇ ಎನ್ನಬಹುದು. ಆದರೆ ಮರುರಾತ್ರಿ ಬಲೆಯನ್ನು ದಾಟಿ ಹುಲಿ ಮತ್ತೆ ಬಂದರೆ? ತಾನೇ ಏನೋ ತಪ್ಪು ಮಾಡಿರಬೇಕೆಂದು ಮಗು ಸುಮ್ಮನಾಗಿಬಿಡಬಹುದು. ನನಗೆ ಭಯವಿರುವುದು ಆ ಸುಮ್ಮನಾಗುವಿಕೆಯ ಬಗ್ಗೆ.

ಪುಟ್ಟ ಮಕ್ಕಳಿಗೆ ಕೆಟ್ಟ ಕನಸು ಬೀಳುವುದು ಸಾಮಾನ್ಯ. ಬಹುಮಟ್ಟಿಗೆ ಅದು ರಾತ್ರಿಯ ಉತ್ತರಾರ್ಧದಲ್ಲಿ, ಬೆಳಗಿನ ಜಾವದ ಕಡೆಗೆ. ಹೆಚ್ಚಿನವು ಬಂದು ಹೋಗುತ್ತವೆ. ಆದರೆ ಒಂದೇ ಕನಸು ಮತ್ತೆ ಮತ್ತೆ ಬಂದರೆ ಅದರ ಹಿಂದೆ ಶಾಲೆಯ ಬೆತ್ತವಿರಬಹುದು, ಅಪ್ಪ ಅಮ್ಮನ ಜಗಳವಿರಬಹುದು, ಹೇಳಲಾಗದ ಯಾರದೋ ಕೆಟ್ಟ ಸ್ಪರ್ಶವೂ ಇರಬಹುದು. ಬಲೆ ನಿಜವಾಗಿಯೂ ಅದನ್ನು ಹಿಡಿದುಬಿಟ್ಟರೆ ನಮಗೆ ತಿಳಿಯುವುದು ಹೇಗೆ?

ಸಂತ ಜೋಸೆಫರ ಕನಸೊಂದನ್ನು ನೆನೆಯಿರಿ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂಬ ಮಾತು ಸಿಹಿಗನಸೇನೂ ಅಲ್ಲ. ಅವರು ಮಗ್ಗಲು ಬದಲಿಸಿ ಮಲಗಲಿಲ್ಲ; ಆ ರಾತ್ರಿಯೇ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಪ್ರತಿ ಕನಸೂ ದೇವದೂತನದಲ್ಲ, ನಿಜ. ಕನಸು ಹಿಡಿದು ಶಕುನ ನೋಡಿರೆಂದೂ ನಾನು ಹೇಳುತ್ತಿಲ್ಲ.

ನಿಮ್ಮ ಮನೆಯಲ್ಲಿ ಬಲೆ ಇದ್ದರೆ ಇರಲಿ. ಅದು ಯಾರದೆಂದು, ಆ ತಾಯಂದಿರು ಏನನ್ನು ನಂಬಿದ್ದರೆಂದು ಮಗುವಿಗೆ ಕಥೆಯಾಗಿ ಹೇಳಿ, ಅದು ಸುಳ್ಳಲ್ಲ. ಬಡಬಡಿಸಿ ಎದ್ದ ಮಗುವನ್ನು ತಬ್ಬಿಕೊಂಡು, "ಏನು ಕಂಡೆ?" ಎಂದು ಕೇಳಿ. ಬೆಳಗಾದ ಮೇಲೆ ಕಾಗದ, ಬಣ್ಣ ಕೊಟ್ಟು ಆ ಹುಲಿಯನ್ನು ಬರೆಯಲು ಹೇಳಿ, ಕಥೆಯ ಕೊನೆಯನ್ನು ಅದೇ ಬದಲಿಸಲಿ. ದುಃಸ್ವಪ್ನದಿಂದ ನರಳುವ ದೊಡ್ಡವರಿಗೂ ವೈದ್ಯರು ಇದೇ ಬಗೆಯ ಅಭ್ಯಾಸ ಮಾಡಿಸುತ್ತಾರೆ. ಹುಲಿಗೆ ಮಗು ಪಂಜರ ಬರೆದೀತು, ಇಲ್ಲವೇ ತಿನ್ನಲು ದೋಸೆ ಕೊಟ್ಟೀತು. ಹುಲಿಯ ಜಾಗದಲ್ಲಿ ಒಬ್ಬ ಮನುಷ್ಯನನ್ನೇ ಬರೆದರೆ, ಅಂದು ಕೆಲಸಕ್ಕೆ ತಡವಾದರೂ ಸರಿ, ಪಕ್ಕದಲ್ಲಿ ಕುಳಿತುಬಿಡಿ.