ಪಾಪೋಪದೇಶವೂ ಬಂದೂಕೂ

ಶ್ರಾವಕನಿಗೆ ವಿಧಿಸಲಾದ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಜೀವಗಳಿಗೆ ಕೇಡನ್ನು ತರುವ ಮನೋವಾಕ್ಕಾಯಗಳ ಪ್ರವೃತ್ತಿಯೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಕೊಡಲಿ, ಖಡ್ಗ, ಬೆಂಕಿ ಮೊದಲಾದವನ್ನು ಪರರ ಕೈಗೆ ಕೊಡುವುದು ಹಿಂಸಾದಾನ. ಅದಕ್ಕೂ ಮೊದಲು ಪಾಪೋಪದೇಶವನ್ನು ಎಣಿಸಿರುವುದು ವಿಚಾರಾರ್ಹವಾಗಿದೆ. ಆಯುಧವನ್ನು ಕೈ ಹಿಡಿಯುವ ಮುನ್ನ ಯಾರದೋ ನಾಲಗೆ ಅದನ್ನು ಹಿಡಿಸಿರುತ್ತದೆ.

ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಥ ಕಡೆ ಎಷ್ಟೋ ಮನೆಗಳಲ್ಲಿ ನಿವೃತ್ತರಾದ ವೃದ್ಧ ದಂಪತಿಗಳಿಬ್ಬರೇ ಇರುತ್ತಾರೆ; ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲೆಸಿರುತ್ತಾರೆ. ನೆರೆಯ ಒಂದು ಮನೆಯ ಬೀಗ ಮುರಿದರೆ ಸಾಕು, ಓಣಿಯ ಕಟ್ಟೆಯ ಮೇಲೆ ಉಪದೇಶ ಆರಂಭವಾಗುತ್ತದೆ: "ಮಾಸ್ತರ, ಒಂದು ಪಿಸ್ತೂಲು ತಂದು ಇಟ್ಟುಬಿಡ್ರಿ, ಅಂಜಿಕೀನ ಇರೂದಿಲ್ಲ." ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ೨೦೧೫ರ ಆಗಸ್ಟ್ ೩೦ರ ಮುಂಜಾನೆ ಇದೇ ಊರಿನ ಕಲ್ಯಾಣನಗರದಲ್ಲಿ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಮನೆಯ ಬಾಗಿಲಿಗೆ ಬಂದೂಕು ಬಂದುದನ್ನು ಕಂಡ ಊರು ಇದು. ಆದರೆ ಕರೆದವನಿಗೆ ಬಾಗಿಲು ತೆರೆಯುವ ಕ್ಷಣದಲ್ಲಿ ಕಪಾಟಿನೊಳಗಿನ ಆಯುಧ ಯಾರ ಕೈಗೂ ಬರುವಂಥದಲ್ಲ. ಭಯ ನಿಜವಾದುದರಿಂದಲೇ ಅದಕ್ಕೆ ಹೇಳುವ ಪರಿಹಾರವೂ ನಿಜವಾದುದಾಗುವುದಿಲ್ಲ.

ಇಂಥ ಉಪದೇಶಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಅವುಗಳ ಪೊಳ್ಳುತನ ತಿಳಿಯುತ್ತದೆ. "ಗುಂಡು ತುಂಬಿ ದಿಂಬಿನ ಕೆಳಗೇ ಇಟ್ಟುಕೊಳ್ಳಬೇಕು" ಎಂಬುದು ಮೊದಲನೆಯದು. ರಜೆಗೆ ಬಂದ ಮೊಮ್ಮಗನ ಕೈ ಆ ದಿಂಬಿನ ಕೆಳಗೆ ಹೋಗದೆಂದು ಉಪದೇಶಿಸಿದವನು ಹೊಣೆ ಹೊರುತ್ತಾನೆಯೇ? "ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ" ಎಂಬುದು ಎರಡನೆಯದು. ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿಯೆಂದು ನಂಬಿ ಕುದುರೆ ಎಳೆದವರಿಂದ ಪ್ರಾಣಹಾನಿಯಾದದ್ದುಂಟು. "ಗಾಳಿಯಲ್ಲಿ ಹಾರಿಸಿದರೆ ಯಾರಿಗೂ ಅಪಾಯವಿಲ್ಲ" ಎಂಬುದು ಮೂರನೆಯದು. ಮೇಲೇರಿದ ಗುಂಡು ಎಲ್ಲಿಯೋ ಇಳಿಯಲೇಬೇಕು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವುದನ್ನು ೧೯೫೯ರ ಆಯುಧ ಕಾಯಿದೆಯ ೨೦೧೯ರ ತಿದ್ದುಪಡಿಯು ಪ್ರತ್ಯೇಕ ಅಪರಾಧವನ್ನಾಗಿಯೇ ಮಾಡಿದೆ. "ಕಂಪೌಂಡು ದಾಟಿದವನನ್ನು ಹೊಡೆದರೆ ಕಾನೂನು ಕೇಳುವುದಿಲ್ಲ" ಎಂಬುದು ನಾಲ್ಕನೆಯದು. ಆತ್ಮರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಹಿಂದಿನ ದಂಡಸಂಹಿತೆಯೂ ಒಪ್ಪಿರಲಿಲ್ಲ, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಒಪ್ಪುವುದಿಲ್ಲ. ಇನ್ನು, ಬಂದೂಕಿರುವ ಮನೆಯೇ ಸುರಕ್ಷಿತವೆಂಬ ಮೂಲ ನಂಬಿಕೆ. ಅಮೆರಿಕದ ಮೂರು ಕೌಂಟಿಗಳಲ್ಲಿ ಕೆಲ್ಲರ್‌ಮನ್ ಮತ್ತು ಸಂಗಡಿಗರು ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿರುವ ಮನೆಗಳಲ್ಲಿ ಕೊಲೆಯ ಅಪಾಯವು ಸುಮಾರು ೨.೭ ಪಟ್ಟು ಹೆಚ್ಚೆಂದು ಕಂಡುಬಂದಿತು. ಆ ಹೆಚ್ಚಳವು ಮುಖ್ಯವಾಗಿ ಮನೆಯವರಿಂದಲೋ ಪರಿಚಿತರಿಂದಲೋ ಆದ ಕೊಲೆಗಳಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಸಂಕಲ್ಪೀ ಹಿಂಸೆಯನ್ನು ಮಾತ್ರ ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಆಕ್ರಮಣವನ್ನು ಎದುರಿಸುವಾಗ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವೆಂದು ಶಾಸ್ತ್ರವೇ ಒಪ್ಪಿಲ್ಲವೇ? ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿರಲಿಲ್ಲವೇ? ಆಕ್ಷೇಪವು ಸತ್ಯಾಂಶದಿಂದ ಕೂಡಿದೆ. ಆದರೆ ಆ ವಿನಾಯಿತಿ ಆಕ್ರಮಣವನ್ನು ಎದುರಿಸುತ್ತಿರುವವನಿಗೆ, ಅವನ ಅನಿವಾರ್ಯತೆಗೆ ಸಂಬಂಧಿಸಿದ್ದು. ಕಟ್ಟೆಯ ಮೇಲೆ ಕುಳಿತವನಿಗೆ ಯಾವ ಅನಿವಾರ್ಯತೆಯಿದೆ? ಅವನು ಆಯುಧ ಹಿಡಿಯುವುದಿಲ್ಲ, ಪರವಾನಿಗೆಗೆ ಅಲೆಯುವುದಿಲ್ಲ, ರಾತ್ರಿ ಕತ್ತಲೆಯಲ್ಲಿ ಸಪ್ಪಳವಾದಾಗ ಬಂದವನು ಕಳ್ಳನೋ ಹಾಲಿನವನೋ ಎಂದು ನಿರ್ಣಯಿಸುವವನೂ ಅವನಲ್ಲ. ಅವನ ಮಾತು ಅವನಿಗೆ ನಿಷ್ಪ್ರಯೋಜಕ. ಆದ್ದರಿಂದಲೇ ಅದು ಅನರ್ಥದಂಡ.

ಹಿತವಾದ ಉಪದೇಶ ಹೇಗಿರುತ್ತದೆಂಬುದಕ್ಕೆ ಆದಿಪುರಾಣದಲ್ಲಿಯೇ ನಿದರ್ಶನವಿದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಸುಮ್ಮನಿರಲಿಲ್ಲ. ಸೋದರರಿಬ್ಬರೂ ಚರಮಶರೀರಿಗಳು, ಅವರಿಗೆ ಸಾವಿಲ್ಲ. ಸಾಯುವುದು ಸೇನೆ ಮಾತ್ರ ಎಂಬುದನ್ನು ಮನಗಂಡು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿಯೇ ಜಯಾಪಜಯಗಳು ನಿರ್ಧಾರವಾಗಲೆಂದರು. ಉಪದೇಶದಿಂದ ಸಾಯುವವರು ಯಾರೆಂದು ಅವರು ಮೊದಲು ಲೆಕ್ಕ ಹಾಕಿದರು. ಇಂದಿನ ಉಪದೇಶಕನು ಬಿಡುವುದು ಈ ಲೆಕ್ಕವನ್ನೇ.

ಫಲದ ಭಾಗವೂ ಅವನನ್ನು ಬಿಡುವುದಿಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮೂರು ಯೋಗಗಳಿಂದ, ಕೃತ, ಕಾರಿತ, ಅನುಮತಗಳೆಂಬ ಮೂರರಿಂದ ಮತ್ತು ನಾಲ್ಕು ಕಷಾಯಗಳಿಂದ ಗುಣಿಸಿದರೆ ಜೀವಾಧಿಕರಣದ ೧೦೮ ಭೇದಗಳಾಗುತ್ತವೆ. ಅವುಗಳಲ್ಲಿ ಸ್ವತಃ ಮಾಡಿದ್ದು ಮೂರನೆಯ ಒಂದು ಪಾಲು ಮಾತ್ರ. ಉಳಿದೆರಡು ಪಾಲು ಮಾಡಿಸಿದವನಿಗೂ ಒಪ್ಪಿದವನಿಗೂ ಸೇರಿದವು. ನ್ಯಾಯಾಲಯವು ಉಪದೇಶಕನ ಹೆಸರನ್ನು ಕೇಳದಿರಬಹುದು. ಕರ್ಮವು ಕೇಳದೆಯೂ ಅಂಟುತ್ತದೆ.

ಹಾಗೆಂದು ಆಯುಧದ ವಿಷಯದಲ್ಲಿ ಆಡುವ ಮಾತೆಲ್ಲವೂ ಪಾಪವಲ್ಲ. ಮಲೆನಾಡಿನಲ್ಲಿ ಬೆಳೆರಕ್ಷಣೆಗೆಂದು ಪರವಾನಿಗೆ ಪಡೆದ ಬಂದೂಕುಗಳಿವೆ; ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದಲೇ ವಿನಾಯಿತಿಯಿದೆ. ಇಂಥ ಮನೆಗಳಿಗೆ ಗುಂಡುಗಳನ್ನು ತೆಗೆದಿಡಿ, ಅವನ್ನು ಬೇರೊಂದು ಕಡೆ ಬೀಗ ಹಾಕಿ ಇಡಿ, ನಳಿಗೆಯನ್ನು ಕಣ್ಣಾರೆ ಪರೀಕ್ಷಿಸಿ ಎಂದು ಹೇಳುವುದು ಹಿಂಸೆಯನ್ನು ಕುಗ್ಗಿಸುವ ಮಾತು. ಶ್ವೇತಾಂಬರ ಪರಂಪರೆಯಲ್ಲಿ ಸಂಯುಕ್ತಾಧಿಕರಣವೆಂಬುದು ಈ ವ್ರತದ ಅತಿಚಾರಗಳಲ್ಲೊಂದು: ಬಿಲ್ಲಿನೊಡನೆ ಬಾಣವನ್ನು, ಒರಳಿನೊಡನೆ ಒನಕೆಯನ್ನು ಕೂಡಿಸಿಡಬಾರದು, ಸಿದ್ಧವಾಗಿರುವ ಸಾಧನ ತಕ್ಷಣದ ಹಿಂಸೆಗೆ ಎಡೆಗೊಡುತ್ತದೆ. ಬಂದೂಕಿನಿಂದ ಗುಂಡನ್ನು ಬೇರ್ಪಡಿಸಿಡುವುದು ಇದೇ ನಿಯಮದ ಇಂದಿನ ರೂಪ. ಕೋಪಕ್ಕೂ ನಿರಾಶೆಗೂ ಎರಡು ಬೀಗ ತೆರೆಯುವಷ್ಟು ಕಾಲ ಸಿಕ್ಕರೆ, ಆ ಕಾಲದಲ್ಲಿ ಒಂದು ಜೀವ ಉಳಿಯಬಹುದು.

ಹಾಗಾದರೆ ಅಂಜಿದ ಮುದುಕರಿಗೆ ಏನು ಹೇಳಬೇಕು? ಮೌನವು ಇಲ್ಲಿ ಧರ್ಮವಲ್ಲ, ಉಪೇಕ್ಷೆ. ಅಂಗಳಕ್ಕೊಂದು ದೀಪ ಹಾಕಿಸಿಕೊಡುವುದು, ಬಾಗಿಲಿನ ಚಿಲಕ ಸರಿಪಡಿಸುವುದು, ಪೊಲೀಸ್ ಠಾಣೆಗೆ ಜೊತೆಯಲ್ಲಿ ನಡೆಯುವುದು, ನಾಲ್ಕು ರಾತ್ರಿ ಅವರ ಪಡಸಾಲೆಯಲ್ಲಿ ಮಲಗುವುದು, ಇವೆಲ್ಲ ಅಭಯದಾನದ ಬಗೆಗಳೇ. ಇವುಗಳಿಗೆ ಶ್ರಮವುಂಟು, ನಿದ್ರಾಭಂಗವುಂಟು. ಬಂದೂಕು ಇಟ್ಟುಕೊಳ್ಳಿರೆಂಬ ಮಾತಿಗೆ ಹೇಳುವವನ ಖರ್ಚು ಏನೂ ಇಲ್ಲ; ಖರ್ಚೆಲ್ಲ ಕೇಳಿದವನದು. ಪರರ ಭಯಕ್ಕೆ ಪರಿಹಾರ ಹೇಳಹೊರಟ ಶ್ರಾವಕನು, ಅದರಲ್ಲಿ ತಾನು ಹೊರುವ ಭಾರವೆಷ್ಟೆಂದು ಮೊದಲು ಕೇಳಿಕೊಳ್ಳಲಿ. ಏನೂ ಇಲ್ಲವೆಂದು ಕಂಡರೆ ಆ ಮಾತನ್ನು ತಡೆಯುವುದೇ ಅವನ ವ್ರತ.