ಧ್ವಜ ಏರಿಸಿದ ಕೈ

ರಾತ್ರಿ ಕರೆಂಟ್ ಹೋದಾಗ ಮೊಮ್ಮಗ ಮೊಬೈಲಿನಲ್ಲಿ ಗೂಢಚಾರನ ಸಿನಿಮಾ ತೋರಿಸಿದ. ಮೇಲಿನವರ ಮಾತು ಮೀರಿ ಹೊರಟ ಏಜೆಂಟ್, ಗಡಿ ದಾಟಿ ಬಂದ ಉಗ್ರರು, ಬಾಂಬಿನ ಗಡಿಯಾರದಲ್ಲಿ ಉಳಿದದ್ದು ಎರಡೇ ಸೆಕೆಂಡು. ‘ಮುತ್ಯಾ, ಹಿಂಗ ಖರೇನ ಆಗ್ತದೇನು?’ ಅಂದ.

ಖರೇ ಆದದ್ದು ಬೇರೆ ಥರ. ನಮ್ಮ ಬೇಹುಗಾರಿಕೆ ಸಂಸ್ಥೆ ‘ರಾ’ದಲ್ಲಿ ದಾರಿ ಬಿಟ್ಟ ಅಧಿಕಾರಿ ಅಂದರೆ ಜಂಟಿ ಕಾರ್ಯದರ್ಶಿಯಾಗಿದ್ದ ರಬಿಂದರ್ ಸಿಂಗ್. ಆತ ದೇಶ ಉಳಿಸಲಿಲ್ಲ. ತನಗೆ ಸಂಬಂಧವಿಲ್ಲದ ಕಡತಗಳ ಜೆರಾಕ್ಸ್ ತೆಗೆದ. ಸಂಶಯ ಬಂದು ಕಣ್ಣಿಟ್ಟಿದ್ದರೂ 2004ರಲ್ಲಿ ನೇಪಾಳದ ಮೂಲಕ ಅಮೆರಿಕ ಸೇರಿದ. ಈ ಪ್ರಕರಣದ ಎಳೆ ಹಿಡಿದು ‘ರಾ’ದಲ್ಲೇ ದುಡಿದ ಅಮರ್ ಭೂಷಣ್ ಬರೆದ ಕಾದಂಬರಿಯನ್ನು ಆಧರಿಸಿ 2023ರಲ್ಲಿ ‘ಖುಫಿಯಾ’ ಸಿನಿಮಾ ಬಂತು. ಜೆರಾಕ್ಸ್ ಯಂತ್ರವೇ ಖಳನಾಯಕ ಅಂದರೆ ಯಾರು ಟಿಕೆಟ್ ಕೊಳ್ಳುತ್ತಾರೆ?

ಮನೆಯೊಳಗಿನ ಭೀತಿಯ ಕಥೆಗಂತೂ ದೂರ ಹೋಗಬೇಕಿಲ್ಲ. ನಮ್ಮ ದೇವರ ಹಿಪ್ಪರಗಿ ಆಗಿನ್ನೂ ಸಿಂದಗಿ ತಾಲ್ಲೂಕಿನ ಊರು. 2012ರ ಜನವರಿ 1, ಹೊಸ ವರ್ಷದ ದಿನ. ಸಿಂದಗಿಯ ತಹಶೀಲ್ದಾರ್ ಕಚೇರಿ ಎದುರು ಪಾಕಿಸ್ತಾನದ ಧ್ವಜ ಹಾರುತ್ತಿತ್ತು. ಪ್ರತಿಭಟನೆ ಎದ್ದಿತು, ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಧ್ವಜ ಕಂಡ ಮೇಲೆ ಕೈ ಯಾರದೆಂದು ಹುಡುಕುವ ತಾಳ್ಮೆ ಯಾರಿಗಿತ್ತು? ಉತ್ತರ ಎಲ್ಲರ ಬಾಯಲ್ಲೂ ಮೊದಲೇ ಸಿದ್ಧವಿತ್ತು.

ವಾರ ತುಂಬುವುದರೊಳಗೆ ಪೊಲೀಸರು ಆರು ಯುವಕರನ್ನು ಹಿಡಿದರು. ಹಿಂದೂ ಸಂಘಟನೆಯೊಂದರ ಜೊತೆ ಓಡಾಡುತ್ತಿದ್ದವರು, ಕೋಮುಗಲಭೆ ಎಬ್ಬಿಸಲೆಂದೇ ಈ ಕೆಲಸ ಮಾಡಿದರು ಎಂಬುದು ಪೊಲೀಸರ ಆರೋಪ. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕಲ್ಲು ತೂರಿದವರಿಗೆ ಆ ದಿನ ಪೇಪರ್ ಓದಿ ಹೇಗನಿಸಿತೋ!

ನನಗೆ ಈಗಲೂ ಕಾಡುವುದು ಧ್ವಜ ಕಂಡ ಬೆಳಗಿಗೂ ಬಂಧನದ ಸುದ್ದಿಗೂ ನಡುವಿನ ಆ ಕೆಲವು ದಿನ. ಅಷ್ಟು ದಿನ ಒಂದು ತಾಲ್ಲೂಕಿನ ಅರ್ಧ ಜನ ಇನ್ನರ್ಧ ಜನರನ್ನು ಬೇಹುಗಾರರ ಹಾಗೆ ನೋಡಬಹುದಿತ್ತು. ತನಿಖೆ ತಿಂಗಳುಗಟ್ಟಲೆ ಎಳೆದಿದ್ದರೆ? ಇಲ್ಲಿ ಊರು ಉಳಿದದ್ದು ನಿಯಮ ಮುರಿದ ಸಾಹಸಿಯಿಂದಲ್ಲ. ಪಂಚನಾಮೆ ಬರೆದು, ಹೇಳಿಕೆ ಪಡೆದು, ಸಹಿ ಹಾಕಿಸಿಕೊಳ್ಳುವ ಠಾಣೆಯ ಸಪ್ಪೆ ಕೆಲಸದಿಂದ.

ಇಷ್ಟನ್ನೂ ಮೊಮ್ಮಗನಿಗೆ ಹೇಳಿ ಮುಗಿಸಿದೆ. ‘ಹಂಗಾದ್ರ ಇದರಾಗ ಹೀರೊ ಯಾರು ಮುತ್ಯಾ?’ ಅಂದ. ಠಾಣೆಯವರ ಹೆಸರು ನನಗೆ ಗೊತ್ತಿರಲಿಲ್ಲ. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಮತ್ತೆ ಬಾಂಬಿನ ಕಡೆ ಹೋದ.