ನೆನಪು ಕಾಯುವ ಬ್ಯಾಟರಿ

ಹಳೆಯ ಸಿಂಥಸೈಜರ್ ಬಿಚ್ಚಿ ನೋಡಿದವರಿಗೆ ಆ ಹಸಿರು ಗೊತ್ತು. ತಿಕ್ಕದೆ ಅಟ್ಟಕ್ಕೆ ಹಾಕಿದ ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನದೇ ಬಣ್ಣ. ಜಪಾನಿನ ಕೊರ್ಗ್ ಕಂಪನಿ 1981ರಲ್ಲಿ ತಂದ ಪಾಲಿಸಿಕ್ಸ್ ವಾದ್ಯದಲ್ಲಂತೂ ಅದು ಎಷ್ಟು ಸಾಮಾನ್ಯವೆಂದರೆ, ರಿಪೇರಿ ಮಾಡುವವರು ಮುಚ್ಚಳ ತೆಗೆಯುವ ಮೊದಲೇ ಬ್ಯಾಟರಿಯ ಬಗ್ಗೆ ಕೇಳುತ್ತಾರೆ.

ಒಮ್ಮೆಗೆ ಆರು ಸ್ವರ ನುಡಿಯುವ ಈ ವಾದ್ಯ, ನಾವು ನಾಬ್‌ಗಳನ್ನು ತಿರುಗಿಸಿ ಕಟ್ಟಿದ 32 ನಾದಗಳನ್ನು ನೆನಪಿಟ್ಟುಕೊಳ್ಳುತ್ತದೆ. ಸ್ವಿಚ್ ಆರಿಸಿದರೂ ಆ ನೆನಪು ಉಳಿಯಲೆಂದು ಪುಟ್ಟ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಸರ್ಕೀಟ್ ಬೋರ್ಡಿಗೇ ಬೆಸೆದಿದ್ದಾರೆ. ವಯಸ್ಸಾದಂತೆ ಅದರೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಸರುತ್ತದೆ. ಜನ ಆಸಿಡ್ ಎನ್ನುತ್ತಾರೆ. ನಿಜವಾಗಿ ಕ್ಷಾರ, ಅದಕ್ಕೇ ವಿನೆಗರ್‌ನಿಂದ ಶಮನ ಮಾಡುವುದು. ಬೋರ್ಡಿನ ಬಣ್ಣದ ಪೊರೆಯಡಿ ನುಸುಳಿ ತಾಮ್ರದ ಗೆರೆಗಳನ್ನು ಅದು ತಿನ್ನುತ್ತಾ ಹೋಗುತ್ತದೆ. ಕೀಲಿಮಣೆಯನ್ನು ಓದುವ ಪ್ರೊಸೆಸರ್ ಇರುವುದೂ ಅದೇ ಬೋರ್ಡಿನಲ್ಲಿ. ಒಂದು ದಿನ ಕೆಲವು ಮನೆಗಳು ಮೂಕವಾಗುತ್ತವೆ. ನೆನಪನ್ನು ಕಾಯಲು ಕೂರಿಸಿದ್ದೇ ದನಿಯನ್ನು ತಿಂದಿರುತ್ತದೆ.

ನನ್ನಲ್ಲಿಗೆ ಬಂದ ಒಂದು ಪಾಲಿಸಿಕ್ಸ್‌ನ ಜೊತೆ ಕೋರಿಕೆಯೂ ಬಂದಿತ್ತು. "ಅಣ್ಣ ಕಟ್ಟಿದ ನಾದಗಳು ಇದರಲ್ಲಿವೆ. ಅವನಿಲ್ಲ. ಅವು ಹೋಗಬಾರದು." ಬ್ಯಾಟರಿ ಒಸರುತ್ತಿತ್ತು, ಆದರೆ ಪೂರ್ತಿ ಸತ್ತಿರಲಿಲ್ಲ. ನಾದಗಳನ್ನು ಕ್ಯಾಸೆಟ್ಟಿಗೆ ನಕಲಿಸುವ ಸೌಲಭ್ಯ ಈ ವಾದ್ಯಕ್ಕಿದೆ. ಕಿಲುಬು ಆ ಭಾಗವನ್ನೇ ಮೊದಲು ಮುಗಿಸಿತ್ತು. ನಾಬ್‌ಗಳನ್ನು ನೋಡಿ ಬರೆದುಕೊಳ್ಳೋಣವೆಂದರೆ, ನೆನಪಿನಿಂದ ನಾದವನ್ನು ಕರೆದಾಗ ಅವು ಅಲುಗುವುದಿಲ್ಲ. ಹೊರಗಿನಿಂದ ವಿದ್ಯುತ್ ಕೊಟ್ಟು ಬ್ಯಾಟರಿ ಕೀಳಬಹುದು, ಆದರೆ ವಿದ್ಯುತ್ ಹರಿಯುವ ಬೋರ್ಡನ್ನು ತೊಳೆಯುವಂತಿಲ್ಲ.

ಇಂಥ ಕಡೆ ರಿಪೇರಿಯವನ ಹಕ್ಕು ಎಲ್ಲಿಯವರೆಗೆ? ಏನೂ ಹೇಳದೆ ಕಿತ್ತು, "ಬ್ಯಾಟರಿ ಮೊದಲೇ ಸತ್ತಿತ್ತು" ಎಂದರೆ ಯಾರಿಗೂ ತಿಳಿಯುವುದಿಲ್ಲ. ದಯೆಯ ಸುಳ್ಳು ಎನ್ನುವವರಿದ್ದಾರೆ. ನನಗೆ ಅದು ಇನ್ನೊಬ್ಬರ ದುಃಖವನ್ನು ಅವರ ಪರವಾಗಿ ನಾವೇ ಮುಗಿಸಿಬಿಟ್ಟಂತೆ ಕಾಣುತ್ತದೆ. ಹಾಗೆಂದು "ನಿಮ್ಮಿಷ್ಟ" ಎಂದು ಕೈತೊಳೆದುಕೊಳ್ಳುವುದೂ ಸಲ್ಲದು, ಏಕೆಂದರೆ ಕ್ಷಾರ ಯಾರ ತೀರ್ಮಾನಕ್ಕೂ ಕಾಯುವುದಿಲ್ಲ. ಈಗ ಬಿಟ್ಟರೆ ಮುಂದೆ ನೆನಪೂ ಹೋಗುತ್ತದೆ, ದನಿಯೂ ಹೋಗುತ್ತದೆ. ಅದನ್ನು ಬಿಡಿಸಿ ಹೇಳುವುದು ನನ್ನ ಕೆಲಸ. ಕೀಳಿ ಎನ್ನುವುದು ಅವರದು.

ಅವರು ಹತ್ತು ದಿನ ತೆಗೆದುಕೊಂಡರು. ಆಮೇಲೆ ಬಂದು ಪಕ್ಕದಲ್ಲಿ ಕುಳಿತರು, 32 ನಾದಗಳನ್ನೂ ಒಂದೊಂದಾಗಿ ನುಡಿಸಿ ರೆಕಾರ್ಡ್ ಮಾಡಿದೆವು. ಕೆಲವು ಚೆಂದವಿದ್ದವು. ಹೆಚ್ಚಿನವು ಅರ್ಧಕ್ಕೇ ಬಿಟ್ಟ ಪ್ರಯೋಗಗಳು. ಒಂದರಲ್ಲಿ ಬರಿ ತಗ್ಗು ದನಿಯ ಗುಂಯ್‌ಗುಡುವಿಕೆ. ಅವರು ಎರಡು ಸಲ ಕೇಳಿದ್ದು ಅದನ್ನೇ. ರೆಕಾರ್ಡಿಂಗ್ ಏನಿದ್ದರೂ ಕೇಳಲಿಕ್ಕೆ, ನುಡಿಸಲಿಕ್ಕೆ ಬಾರದು. ಅದನ್ನೂ ಮೊದಲೇ ಹೇಳಿದ್ದೆ.

ಕಿಲುಬನ್ನು ಕೆರೆಯುವಾಗ ಕಣ್ಣಿಗೆ ಕಾಣುವ ಹಸಿರಿಗೆ ನಿಲ್ಲಿಸುವಂತಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ, ಚೆನ್ನಾಗಿಯೇ ಕಾಣುವ ಪೊರೆಯನ್ನೂ ಎಬ್ಬಿಸಬೇಕು. ಹನ್ನೊಂದು ಗೆರೆಗಳು ತುಂಡಾಗಿದ್ದವು. ಅವಕ್ಕೆ ಕೆಂಪು ತಂತಿಗಳ ಸೇತುವೆ ಕಟ್ಟಿದೆ, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಹೊಸ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹರಿಯದಂತೆ ಡಯೋಡ್ ಹಾಕಿ, ಬೋರ್ಡಿಗೆ ಬೆಸೆಯದೆ, ಉದ್ದ ತಂತಿಯಲ್ಲಿ ದೂರ ಕೂರಿಸಿದೆ.